ಅಖಾಡದ ನ್ಯಾಯ, ಅಭಿಮಾನಿಯ ನೆನಪು

ವೃತ್ತಿಪರ ಕುಸ್ತಿ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಅಮೆರಿಕದ ಕುಸ್ತಿ. ಕೇಬಲ್ ಟಿ.ವಿ. ಬಂದ ತೊಂಬತ್ತರ ದಶಕದಲ್ಲಿ ನಮ್ಮ ಮಕ್ಕಳು ಆ ಮಲ್ಲರ ಚಿತ್ರವಿದ್ದ ಕಾರ್ಡುಗಳನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದರು. ಧರ್ಮೋಪದೇಶದ ತರಗತಿಗೂ ತರುತ್ತಿದ್ದರು. ಅದೆಲ್ಲ ಸುಳ್ಳು ಹೊಡೆದಾಟ ಎಂದು ಹಿರಿಯರು ಹೇಳಿದರೆ ಮಕ್ಕಳಿಗೆ ಸಿಟ್ಟು ಬರುತ್ತಿತ್ತು. ಹಿರಿಯರ ಮಾತು ಸರಿಯೇ, ಆದರೆ ಅಪೂರ್ಣ. ಅದು ಏಕೆ ಅಪೂರ್ಣವೆಂದು ತಿಳಿಯಬೇಕಾದರೆ ಅಮೆರಿಕದ ಥಳಕನ್ನು ಬದಿಗಿಟ್ಟು, ಬ್ರಿಟನ್ನಿನ ಪುರಭವನಗಳಲ್ಲಿ, ಚಳಿಗಾಲದಲ್ಲಿ ಈಜುಕೊಳದ ಮೇಲೆ ಹಲಗೆ ಹಾಸಿ ಮಾಡಿಕೊಂಡ ಸಭಾಂಗಣಗಳಲ್ಲಿ, ಕಡಲತೀರದ ರಜಾಶಿಬಿರಗಳಲ್ಲಿ ನಡೆದುಬಂದ ಬಡ ಕುಸ್ತಿಯನ್ನು ನೋಡಬೇಕು. ಅದರ ಬಗ್ಗೆ ಬಂದಿರುವ ನೆನಪಿನ ಬರಹಗಳನ್ನೂ ಓದಬೇಕು. ನಾನು ಇಂಗ್ಲೆಂಡಿನಲ್ಲಿ ದುಡಿಯುತ್ತಿದ್ದ ಕೆಲವು ವರ್ಷಗಳ ಕಾಲ ಆ ಅಭಿಮಾನಿಗಳ ನಡುವೆ ಕುಳಿತವನಾದ್ದರಿಂದ ಈ ವಿಮರ್ಶೆ ಪೂರ್ತಿ ಹೊರಗಿನವನದಲ್ಲ.

ಎರಡನೆಯ ಮಹಾಯುದ್ಧದ ತರುವಾಯ, 1947ರಲ್ಲಿ, ಅಡ್ಮಿರಲ್ ಲಾರ್ಡ್ ಮೌಂಟ್‌ಇವಾನ್ಸ್ ಅವರ ಹೆಸರಿನ ಸಮಿತಿಯೊಂದು ಬ್ರಿಟಿಷ್ ಕುಸ್ತಿಗೆ ನಿಯಮಾವಳಿಯನ್ನು ರೂಪಿಸಿತು. ಕುಸ್ತಿ ಸುತ್ತುಗಳಲ್ಲಿ ನಡೆಯಬೇಕು. ತೂಕಕ್ಕೆ ತಕ್ಕ ವರ್ಗಗಳಿರಬೇಕು. ನಿಯಮ ಮೀರಿದವನಿಗೆ ರೆಫರಿ ಎಲ್ಲರೆದುರು ಎಚ್ಚರಿಕೆ ಕೊಡಬೇಕು, ಮೂರನೆಯ ಸಲಕ್ಕೆ ಅವನನ್ನು ಹೊರಹಾಕಬೇಕು. 1952ರಲ್ಲಿ ಹಲವು ಸಂಘಟಕರು ಒಟ್ಟುಗೂಡಿ ಜಾಯಿಂಟ್ ಪ್ರೊಮೋಷನ್ಸ್ ಎಂಬ ಕೂಟವನ್ನು ಕಟ್ಟಿಕೊಂಡರು. ಆ ಕೂಟದ ಹೊರಗೆ ಉಳಿದವರೇ ಅಲ್ಲಿನ ‘ಸ್ವತಂತ್ರ’ ಕುಸ್ತಿಯ ಮೊದಲಿಗರು. 1955ರ ನವೆಂಬರಿನಲ್ಲಿ ಐಟಿವಿ ವಾಹಿನಿ ಕುಸ್ತಿಯನ್ನು ತೋರಿಸಲಾರಂಭಿಸಿತು. 1965ರಿಂದ ‘ವರ್ಲ್ಡ್ ಆಫ್ ಸ್ಪೋರ್ಟ್’ ಕಾರ್ಯಕ್ರಮದಲ್ಲಿ, ಪ್ರತಿ ಶನಿವಾರ ಸಂಜೆ ನಾಲ್ಕು ಗಂಟೆಗೆ, ಕೆಂಟ್ ವಾಲ್ಟನ್ ಅವರ ಸೌಮ್ಯ ಧ್ವನಿಯ ವೀಕ್ಷಕವಿವರಣೆಯೊಂದಿಗೆ, ಅದು ಕಾರ್ಮಿಕ ಕುಟುಂಬಗಳ ವಾರದ ವ್ರತವೇ ಆಗಿಬಿಟ್ಟಿತು. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಂದೇ ಪೆಟ್ಟಿಗೆಯ ಮುಂದೆ.

ಮಲ್ಲರಲ್ಲಿ ಎರಡೇ ಜಾತಿ. ನಿಯಮ ಪಾಲಿಸುವ ಸಜ್ಜನನಿಗೆ ಅವರ ಆಡುಭಾಷೆಯಲ್ಲಿ ‘ನೀಲಿಗಣ್ಣಿನವನು’ ಎಂದು ಹೆಸರು. ಅವನಿಗೆ ಎದುರಾಗಿ, ರೆಫರಿಯ ಬೆನ್ನು ತಿರುಗಿದೊಡನೆ ಗುದ್ದುವ ಖಳ. ಮಿಕ್ ಮೆಕ್‌ಮ್ಯಾನಸ್ ಎಂಬ ಖ್ಯಾತ ಖಳನಿಗೆ ಕಿವಿ ಮುಟ್ಟಿದರೆ ಸಹಿಸಲಾಗುತ್ತಿರಲಿಲ್ಲ. ಆದ್ದರಿಂದ ಇಡೀ ಸಭೆ ಅವನ ಕಿವಿ ಹಿಡಿಯಿರೆಂದು ಅರಚುತ್ತಿತ್ತು. ವಯಸ್ಸಾದ ಹೆಂಗಸರು ಕೈಚೀಲದಿಂದ ಖಳರನ್ನು ಬಡಿಯುತ್ತಿದ್ದರು, ಕೆಲವೊಮ್ಮೆ ಟೋಪಿಯ ಸೂಜಿಯಿಂದ ಚುಚ್ಚುತ್ತಿದ್ದರು. ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1957ರ ತಮ್ಮ ‘ಮಿಥಾಲಜೀಸ್’ ಗ್ರಂಥದ ಮೊದಲ ಲೇಖನವನ್ನೇ ಕುಸ್ತಿಗೆ ಮೀಸಲಿಟ್ಟರು. ಕುಸ್ತಿಯನ್ನು ಕ್ರೀಡೆಯೆಂದಲ್ಲ, ದೃಶ್ಯವೆಂದು ನೋಡಬೇಕು. ಅಲ್ಲಿ ಪ್ರೇಕ್ಷಕನಿಗೆ ಸಿಗುವುದು ನೋವಿನ, ಸೋಲಿನ, ನ್ಯಾಯದ ಸ್ಪಷ್ಟ ಚಿತ್ರ ಎಂಬುದು ಅವರ ವಾದ. ಅವರು ಕಂಡದ್ದು ಪ್ಯಾರಿಸ್ಸಿನ ಕುಸ್ತಿಯಾದರೂ ಮಾತು ಬ್ರಿಟನ್ನಿಗೂ ಒಪ್ಪುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ನಮಗೆ ಫ್ರೆಂಚ್ ತತ್ತ್ವಶಾಸ್ತ್ರ ಬೇಕಿಲ್ಲ. ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರದ ಯುವಕರು ಯೇಸುವಿನ ಪಾಡುಗಳ ನಾಟಕವಾಡುವಾಗ ಚಾಟಿ ಬಟ್ಟೆಯದ್ದು, ರಕ್ತ ಕುಂಕುಮದ ನೀರು ಎಂದು ತಿಳಿಯದವರು ಯಾರಿದ್ದಾರೆ? ಆದರೂ ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಯೂದನ ಪಾತ್ರ ವಹಿಸಿದ ಹುಡುಗನನ್ನು ಮರುದಿನವೂ ಹೆಂಗಸರು ಓರೆಗಣ್ಣಿನಿಂದ ನೋಡುತ್ತಾರೆ.

ಕುಸ್ತಿಪಟುಗಳು ಮಾತ್ರ ಈ ಗುಟ್ಟನ್ನು ಬಿಟ್ಟುಕೊಡುತ್ತಿರಲಿಲ್ಲ. ಗುಟ್ಟು ಕಾಯುವ ಆ ಕಟ್ಟಳೆಗೆ ‘ಕೇಫೇಬ್’ ಎಂದು ಹೆಸರು. 1985ರಲ್ಲಿ ಜ್ಯಾಕಿ ಪ್ಯಾಲೊ ತಮ್ಮ ಆತ್ಮಕಥೆಯಲ್ಲಿ ಸೋಲು-ಗೆಲುವುಗಳು ಮೊದಲೇ ತೀರ್ಮಾನವಾಗಿರುತ್ತವೆಂದು ಬರೆದಾಗ ಸಹೋದ್ಯೋಗಿಗಳು ಅವರನ್ನು ದೂರವಿಟ್ಟರು. ಅಷ್ಟರಲ್ಲಿ ಆಟವೂ ಸೊರಗಿತ್ತು. ಬಿಗ್ ಡ್ಯಾಡಿ ಎಂಬ ಹೆಸರಿನ ಶರ್ಲಿ ಕ್ರ್ಯಾಬ್‌ಟ್ರೀ ಮತ್ತು ಜಯಂಟ್ ಹೇಸ್ಟ್ಯಾಕ್ಸ್ ಎಂಬ ಹೆಸರಿನ ಮಾರ್ಟಿನ್ ರುವೇನ್, ಈ ಇಬ್ಬರು ಮಹಾಕಾಯರ ಡಿಕ್ಕಿಯಾಟವೇ ಕುಸ್ತಿ ಎಂಬಂತಾಗಿ, ಪಟ್ಟುಗಳ ಸೂಕ್ಷ್ಮವನ್ನು ಬಲ್ಲ ಚಿಕ್ಕ ಮಲ್ಲರು ಮರೆಗೆ ಸರಿದರು. 1987ರ ಆಗಸ್ಟ್‌ನಲ್ಲಿ ಗ್ರೇಟ್ ಯಾರ್ಮತ್ ಪಟ್ಟಣದಲ್ಲಿ ಬಿಗ್ ಡ್ಯಾಡಿ ಎಂದಿನಂತೆ ಎದುರಾಳಿಯ ಮೇಲೆ ಬಿದ್ದರು. ಕೆಳಗಿದ್ದ ಮ್ಯಾಲ್ಕಮ್ ಕರ್ಕ್ ಮತ್ತೆ ಏಳಲಿಲ್ಲ. ಅವರಿಗೆ ಮೊದಲೇ ತೀವ್ರ ಹೃದಯರೋಗವಿತ್ತೆಂದು ವಿಚಾರಣೆಯಲ್ಲಿ ತಿಳಿದುಬಂದು ಕ್ರ್ಯಾಬ್‌ಟ್ರೀ ದೋಷಮುಕ್ತರಾದರು. ಮರುವರ್ಷದ ಡಿಸೆಂಬರಿನಲ್ಲಿ ಐಟಿವಿ ಕುಸ್ತಿಯನ್ನು ಕೈಬಿಟ್ಟಿತು.

ಈ ಕಾಲಘಟ್ಟದ ಬಗ್ಗೆ ಬಂದ ಗ್ರಂಥಗಳಲ್ಲಿ ಶ್ರೇಷ್ಠವೆಂದು ನಾನು ತಿಳಿಯುವುದು ಸೈಮನ್ ಗಾರ್ಫೀಲ್ಡ್ ಅವರ ‘ದಿ ರೆಸ್ಲಿಂಗ್’. 1996ರಲ್ಲಿ ಫೇಬರ್ ಪ್ರಕಾಶನ ಅದನ್ನು ಹೊರತಂದಿತು. ಗಾರ್ಫೀಲ್ಡ್ ಬಾಲ್ಯದ ಅಭಿಮಾನದಿಂದ ಹೊರಟರೂ ತಾವು ಹಿಂದೆ ಸರಿದು ಮುದಿ ಮಲ್ಲರ ಬಾಯಲ್ಲೇ ಕಥೆಯನ್ನು ಹೇಳಿಸುತ್ತಾರೆ. ಆ ಧ್ವನಿಗಳಲ್ಲಿ ಹೆಮ್ಮೆಯಿದೆ, ಹಳೆಯ ಲೆಕ್ಕಾಚಾರಗಳ ಕಹಿಯಿದೆ, ಸವೆದ ಸೊಂಟ-ಮೊಣಕಾಲುಗಳ ಗೊಣಗಾಟವಿದೆ. ಒಬ್ಬರ ಮಾತನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ; ಲೇಖಕರು ತೀರ್ಪು ಕೊಡಲು ಅವಸರಪಡುವುದಿಲ್ಲ. ಸಕಾಲದಲ್ಲಿ ಬಂದ ಪುಸ್ತಕವದು: 1997ರಲ್ಲಿ ಬಿಗ್ ಡ್ಯಾಡಿ, 1998ರಲ್ಲಿ ಜಯಂಟ್ ಹೇಸ್ಟ್ಯಾಕ್ಸ್ ತೀರಿಕೊಂಡರು.

ಪುಸ್ತಕಕ್ಕಿಂತಲೂ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಛಾಯಾಚಿತ್ರ. ವೇಲ್ಸ್‌ನ ಬ್ರಿನ್‌ಮಾರ್ ಎಂಬ ಗಣಿ ಊರಿನಲ್ಲಿ ಹುಟ್ಟಿದ ಏಡ್ರಿಯನ್ ಸ್ಟ್ರೀಟ್, ಗಣಿಯ ಕೆಲಸ ಒಲ್ಲೆನೆಂದು ಹದಿಹರೆಯದಲ್ಲೇ ಲಂಡನ್ನಿಗೆ ಓಡಿಹೋದವರು. ಬೆಳ್ಳಿಯಂಥ ಕೂದಲು, ಮುಖಕ್ಕೆ ಬಣ್ಣ, ಮಿನುಗುವ ಹೆಣ್ಣುಡುಗೆಯಂಥ ವೇಷ ತೊಟ್ಟು ಪ್ರೇಕ್ಷಕರನ್ನು ಕೆರಳಿಸುವುದೇ ಅವರ ಅಖಾಡದ ಪಾತ್ರವಾಯಿತು. 1973ರಲ್ಲಿ ಅವರು ಅದೇ ವೇಷದಲ್ಲಿ, ಗೆದ್ದ ಪಟ್ಟಿಯೊಂದಿಗೆ, ತಂದೆ ದುಡಿಯುತ್ತಿದ್ದ ಗಣಿಯ ಬಾಯಿಗೆ ಹೋಗಿ ನಿಂತರು. ಪಕ್ಕದಲ್ಲಿ ಕಲ್ಲಿದ್ದಲ ಮಸಿ ಮೆತ್ತಿದ ಮುಖದ ತಂದೆ. ಮಗ ನೆಟ್ಟಗೆ ನಿಂತು ಕ್ಯಾಮರಾವನ್ನು ಸವಾಲಿನಂತೆ ನೋಡುತ್ತಾನೆ. ತಂದೆಯ ಮುಖದಲ್ಲಿ ಏನಿದೆ ಎಂದು ಎಷ್ಟು ಸಲ ನೋಡಿದರೂ ನನಗೆ ನಿರ್ಧರಿಸಲಾಗಿಲ್ಲ. ಸುವಾರ್ತೆಯ ದುಂದುಗಾರ ಮಗ ಹರಿದ ಬಟ್ಟೆಯಲ್ಲಿ ಮನೆಗೆ ಬಂದ. ಈ ಮಗ ಮಿನುಗುವ ಬಟ್ಟೆಯಲ್ಲಿ ಬಂದಿದ್ದಾನೆ, ಕ್ಷಮೆ ಕೇಳಲು ಬಂದವನಲ್ಲ. ಒಬ್ಬನ ಮೈಮೇಲೆ ಮಸಿ, ಇನ್ನೊಬ್ಬನ ಮೈಮೇಲೆ ಬಣ್ಣ. ಇಬ್ಬರೂ ಮೈ ಒತ್ತೆಯಿಟ್ಟು ಅನ್ನ ದುಡಿಯುವವರು. ಕಲಾವಿದ ಜೆರೆಮಿ ಡೆಲ್ಲರ್ 2010ರಲ್ಲಿ ಸ್ಟ್ರೀಟ್ ಅವರ ಜೀವನದ ಮೇಲೆ ಮಾಡಿದ ಚಿತ್ರಕ್ಕೆ ಈ ಛಾಯಾಚಿತ್ರವೇ ಪ್ರೇರಣೆ. ಸ್ಟ್ರೀಟ್ 2023ರಲ್ಲಿ ನಿಧನರಾದರು.

ಟಿ.ವಿ. ಕೈಬಿಟ್ಟ ಮೇಲೆ ಕುಸ್ತಿ ಸಾಯಲಿಲ್ಲ. ಬ್ರಯನ್ ಡಿಕ್ಸನ್ ಅವರ ಆಲ್ ಸ್ಟಾರ್ ಸಂಸ್ಥೆ ರಜಾಶಿಬಿರಗಳಲ್ಲೂ ಪುರಭವನಗಳಲ್ಲೂ ಅದನ್ನು ಉಳಿಸಿಕೊಂಡು ಬಂತು. ಮುಂದಿನ ಪೀಳಿಗೆಯ ಅಭಿಮಾನಿಗಳನ್ನು ಬೆಳೆಸಿದ್ದು 1994ರಿಂದ 2014ರವರೆಗೆ ಪ್ರಕಟವಾದ ‘ಪವರ್ ಸ್ಲ್ಯಾಮ್’ ಮಾಸಪತ್ರಿಕೆ. 2002ರಲ್ಲಿ ಎಫ್‌ಡಬ್ಲ್ಯೂಎ ಸಂಸ್ಥೆ ಲಂಡನ್ನಿನ ಬೆತ್ನಲ್ ಗ್ರೀನಿನ ಯಾರ್ಕ್ ಹಾಲ್‌ನಲ್ಲಿ ‘ಬ್ರಿಟಿಷ್ ಅಪ್‌ರೈಸಿಂಗ್’ ಎಂಬ ಕೂಟ ನಡೆಸಿದಾಗ ಪುನರುತ್ಥಾನದ ಮಾತು ಕೇಳಿಬಂತು. ಆ ಚಳವಳಿಯ ಒಳಗಿದ್ದ ಪತ್ರಕರ್ತ ಗ್ರೆಗ್ ಲ್ಯಾಂಬರ್ಟ್ 2010ರಲ್ಲಿ ಬರೆದ ಪುಸ್ತಕಕ್ಕೆ ‘ಹೋಲಿ ಗ್ರೇಲ್’ ಎಂದೇ ಹೆಸರು. ಕಡೆಯ ಭೋಜನದ ಪಾನಪಾತ್ರೆಯ ಹೆಸರನ್ನು ಕುಸ್ತಿಯ ಚರಿತ್ರೆಗೆ ಇಡುವುದು ಕೆಲವರಿಗೆ ಅತಿಯೆನಿಸೀತು. ನನಗೆ ಹಾಗೆನ್ನಿಸಲಿಲ್ಲ. ಮಳೆಯ ರಾತ್ರಿ ಎರಡು ರೈಲು ಬದಲಿಸಿ ನೂರೈವತ್ತು ಜನರ ಕೂಟಕ್ಕೆ ಹೋಗುವವರ ಭಕ್ತಿಯನ್ನು ಕಂಡವರಿಗೆ ಆ ಹೆಸರು ಅರ್ಥವಾಗುತ್ತದೆ.

ಯಾರ್ಕ್ ಹಾಲ್‌ನಲ್ಲಿ ಕುಳಿತವರಿಗೆ ಮಲ್ಲನ ಎದೆಗೆ ಬಿದ್ದ ಅಂಗೈಯ ಸದ್ದು ಮೇಲಿನ ಗ್ಯಾಲರಿಯವರೆಗೂ ಕೇಳುತ್ತದೆ. ಹಲಗೆಯ ಮೇಲೆ ಬೆನ್ನು ಬಿದ್ದಾಗ ಕುರ್ಚಿ ಅದುರುತ್ತದೆ. ಒಮ್ಮೆ ನಾನು ಕಂಡ ಹುಡುಗನೊಬ್ಬ ಸೋತು ಹೋದ ಕಾಲು ಗಂಟೆಯಲ್ಲೇ ಮೊಣಕಾಲಿಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು, ಮೇಜಿನ ಹಿಂದೆ ನಿಂತು ತನ್ನ ಚಿತ್ರವಿದ್ದ ಟೀ-ಶರ್ಟು ಮಾರುತ್ತಿದ್ದ. ಖಳನ ವೇಷದವನು ಅವನ ಪಕ್ಕದಲ್ಲೇ ನಿಂತು ಚಿಲ್ಲರೆ ಹುಡುಕಿಕೊಡುತ್ತಿದ್ದ.

ಆ ದೃಶ್ಯ ಎಲ್ಲರ ಕಣ್ಣೆದುರಿಗೇ ಇತ್ತು, ಯಾರಿಗೂ ಆಶ್ಚರ್ಯವಾಗಲಿಲ್ಲ. ಹಳೆಯ ಪ್ರೇಕ್ಷಕನಿಗೂ ಹೊಸ ಪ್ರೇಕ್ಷಕನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಕೈಚೀಲ ಬೀಸಿದ ಅಜ್ಜಿ ನ್ಯಾಯ ಕೇಳುತ್ತಿದ್ದಳು. ಹೊಸ ಅಭಿಮಾನಿ ರಸಿಕ: ಪಟ್ಟಿನ ಹೆಸರು ಬಲ್ಲವನು, ಪಂದ್ಯಕ್ಕೆ ನಕ್ಷತ್ರಗಳ ಅಂಕ ಕೊಡುವವನು, ಖಳನ ಕುಶಲತೆಗೂ ಎದ್ದು ನಿಂತು ಚಪ್ಪಾಳೆ ತಟ್ಟುವವನು. ಎಲ್ಲ ಗುಟ್ಟೂ ತನಗೆ ಗೊತ್ತೆಂಬ ಸಂತೋಷ ಅವನದು. ಅಭಿಮಾನಿಗಳು ಬರೆದ ನೆನಪಿನ ಬರಹಗಳಲ್ಲಿ ಬಹುಪಾಲು ಈ ಜಾತಿಯವು. ಯಾವ ರಾತ್ರಿ ಯಾವ ಪಂದ್ಯ, ಯಾರ ಜಿಗಿತ ಎಷ್ಟು ಚೆನ್ನ ಎಂಬುದರ ಪಟ್ಟಿ ಮುಗಿಯುವುದೇ ಇಲ್ಲ. ಓದಲು ಖುಷಿಯಾದರೂ ಒಂದು ಹಂತದಲ್ಲಿ ಉಸಿರುಗಟ್ಟುತ್ತದೆ, ಏಕೆಂದರೆ ಪರದೆಯ ಹಿಂದಿನ ಮನುಷ್ಯ ಅದರಲ್ಲಿ ಬರುವುದು ತೀರಾ ಅಪರೂಪ.

2012ರಲ್ಲಿ ಲಂಡನ್ನಿನ ಒಂದು ಸಂಗೀತಗೃಹದಲ್ಲಿ ಆರಂಭವಾದ ಪ್ರೋಗ್ರೆಸ್ ಸಂಸ್ಥೆ 2018ರ ಸೆಪ್ಟೆಂಬರಿನಲ್ಲಿ ವೆಂಬ್ಲಿಯ ಒಳಾಂಗಣಕ್ಕೆ ನಾಲ್ಕೂವರೆ ಸಾವಿರಕ್ಕೂ ಮಿಕ್ಕ ಜನರನ್ನು ಕರೆತಂದಿತು. ಗ್ಲಾಸ್ಗೋದ ಐಸಿಡಬ್ಲ್ಯೂ 2016ರಲ್ಲೇ ಅಲ್ಲಿನ ಹೈಡ್ರೋ ಸಭಾಂಗಣದಲ್ಲಿ ಆರು ಸಾವಿರ ಜನರನ್ನು ಸೇರಿಸಿತ್ತು. ಅಮೆರಿಕದ ದೊಡ್ಡ ಸಂಸ್ಥೆಯೂ ಬ್ರಿಟನ್ನಿನಲ್ಲಿ ಶಾಖೆ ತೆರೆಯಿತು, 2022ರಲ್ಲಿ ಮುಚ್ಚಿತು. ವೆಂಬ್ಲಿಯ ಸಂಭ್ರಮ ನಡೆದ ಅದೇ 2018ರ ಡಿಸೆಂಬರ್ 5ರಂದು, ತನ್ನ ಅರವತ್ತನೆಯ ಹುಟ್ಟುಹಬ್ಬದ ದಿನ, ಲ್ಯಾಂಕಾಷೈರಿನ ಟಾಮ್ ಬಿಲ್ಲಿಂಗ್ಟನ್ ತೀರಿಕೊಂಡರು. ‘ಡೈನಮೈಟ್ ಕಿಡ್’ ಎಂಬ ಹೆಸರಿನಿಂದ ಜಪಾನಿನವರೆಗೆ ಖ್ಯಾತರಾಗಿದ್ದ ಆ ಪುಟ್ಟ ಮಲ್ಲ ಬೆನ್ನುಮೂಳೆ ಕೆಟ್ಟು ಎರಡು ದಶಕಗಳಿಂದ ಗಾಲಿಕುರ್ಚಿಯಲ್ಲಿದ್ದರು. ಯಕೋಬನೂ ರಾತ್ರಿಯಿಡೀ ಕುಸ್ತಿಯಾಡಿ ಬೆಳಿಗ್ಗೆ ಕುಂಟುತ್ತಲೇ ಮುಂದೆ ಸಾಗಿದನೆಂದು ಆದಿಕಾಂಡ ಹೇಳುತ್ತದೆ. ಅವನಿಗೆ ಆಶೀರ್ವಾದವಾದರೂ ಸಿಕ್ಕಿತ್ತು.

2020ರ ಜೂನ್‌ನಲ್ಲಿ, ಸಾಂಕ್ರಾಮಿಕದಿಂದ ಸಭಾಂಗಣಗಳು ಮುಚ್ಚಿದ್ದಾಗ, ಬ್ರಿಟಿಷ್ ಕುಸ್ತಿಯ ಯುವತಿಯರು, ಕೆಲವು ಯುವಕರು ಒಬ್ಬರ ಹಿಂದೊಬ್ಬರು ಬಾಯಿ ಬಿಟ್ಟರು. ‘ಸ್ಪೀಕಿಂಗ್ ಔಟ್’ ಎಂಬ ಹೆಸರಿನ ಆ ಸರಣಿಯಲ್ಲಿ ತರಬೇತುದಾರರು, ಹಿರಿಯ ಮಲ್ಲರು, ಸಂಘಟಕರು ತಮ್ಮನ್ನು ಹೇಗೆ ದುರುಪಯೋಗಪಡಿಸಿಕೊಂಡರೆಂಬ ಆರೋಪಗಳಿದ್ದವು. ಹೇಳಿದವರಲ್ಲಿ ಎಳೆಯ ವಯಸ್ಸಿನಲ್ಲೇ ತರಬೇತಿಗೆ ಸೇರಿದವರೂ ಇದ್ದರು. ಹೆಸರುಗಳನ್ನು ಇಲ್ಲಿ ಬರೆಯುವುದು ನನ್ನ ಕೆಲಸವಲ್ಲ. ಎಲ್ಲ ಗುಟ್ಟೂ ಬಲ್ಲೆನೆಂದಿದ್ದ ರಸಿಕರಿಗೆ ಕಾಣದೆಯೋ, ಕಂಡರೂ ಗೊಡವೆ ಬೇಡವೆನಿಸಿಯೋ ಉಳಿದಿದ್ದ ನಿಜವಾದ ಗುಟ್ಟು ಇದು. ಸೋಗಿನ ಗುದ್ದು ಕಂಡೊಡನೆ ರೆಫರಿಯನ್ನು ಕೂಗಿ ಕರೆಯುವ ಸಭೆಗೆ ತರಬೇತಿ ಕೊಠಡಿಯಲ್ಲಿ ರೆಫರಿಯೇ ಇಲ್ಲವೆಂಬುದು ಹೊಳೆದಿರಲಿಲ್ಲ.

ಬ್ರಿಟಿಷ್ ಸಂಸತ್ತಿನ ಸರ್ವಪಕ್ಷ ಸದಸ್ಯರ ಕುಸ್ತಿ ಸಮಿತಿ 2021ರ ಏಪ್ರಿಲ್‌ನಲ್ಲಿ ವರದಿ ನೀಡಿತು. ಈ ಕುಸ್ತಿ ಕ್ರೀಡೆಯೋ ರಂಗಕಲೆಯೋ ಎಂಬ ಗೊಂದಲದ ಸಂದಿಯಲ್ಲಿ ಅದು ಯಾವ ಪ್ರಾಧಿಕಾರದ ಜವಾಬ್ದಾರಿಯೂ ಆಗದೆ ಉಳಿದಿತ್ತು. ಬಾರ್ತ್ ಅವರಿಗೆ ಸೌಂದರ್ಯದ ಪ್ರಶ್ನೆಯಾಗಿದ್ದದ್ದು ಇಲ್ಲಿ ಹದಿನಾರರ ಹುಡುಗಿಯ ಸುರಕ್ಷೆಯ ಪ್ರಶ್ನೆಯಾಗಿ ತಿರುಗಿ ಬಂತು. ಹದಿನಾರು-ಹದಿನೇಳರ ವಯಸ್ಸಿನವರೊಡನೆ ಶಿಕ್ಷಕರಂಥ ನಂಬಿಕೆಯ ಸ್ಥಾನದಲ್ಲಿರುವವರು ದೈಹಿಕ ಸಂಬಂಧ ಬೆಳೆಸುವುದನ್ನು ಅಪರಾಧವೆನ್ನುವ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೊದಲೇ ಇತ್ತು. 2022ರ ಕಾಯಿದೆ ಅದನ್ನು ಕ್ರೀಡಾ ತರಬೇತುದಾರರಿಗೂ ವಿಸ್ತರಿಸಿತು. ಕ್ರೀಡೆಯ ವ್ಯಾಖ್ಯೆಯಲ್ಲಿ ಸ್ಪರ್ಧೆಗಾಗಿ ಆಡುವುದರ ಜೊತೆಗೆ ಪ್ರದರ್ಶನಕ್ಕಾಗಿ ಆಡುವುದನ್ನೂ ಸೇರಿಸಿತು. ಅದೇ ಕಾಯಿದೆ, ಅದೇ ವಿಧಿಯಲ್ಲಿ, ಧರ್ಮದ ಬೋಧಕರನ್ನೂ ಹೆಸರಿಸಿದೆ. ಅಖಾಡದ ಗುರುವೂ ಆಲಯದ ಗುರುವೂ ಒಂದೇ ಸಾಲಿನಲ್ಲಿ.

ಯಾರ್ಕ್ ಹಾಲ್‌ನಲ್ಲಿ ಸಾಂಕ್ರಾಮಿಕದ ನಂತರ ಕುಸ್ತಿ ಮತ್ತೆ ಆರಂಭವಾಯಿತು. ನನ್ನ ಕಪಾಟಿನಲ್ಲಿ ಗಾರ್ಫೀಲ್ಡ್ ಅವರ ಪುಸ್ತಕದ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗವಿದೆ: ಅದೇ ತಾಳ್ಮೆಯಿಂದ, ಅದೇ ರೀತಿ ಲೇಖಕ ಹಿಂದೆ ಸರಿದು ನಿಂತು, 2020ರಲ್ಲಿ ಬಾಯಿ ಬಿಟ್ಟವರ ಮಾತನ್ನು ಅವರ ಬಾಯಲ್ಲೇ ಕೇಳಿಸುವ ಪುಸ್ತಕಕ್ಕೆ.