ಸಾರಿನ ತಳದಲ್ಲಿ ಉಳಿದ ಬಲ

ಹುರುಳಿ ಬೇಯಿಸಿದ ದಿನ ನಮ್ಮ ಮನೆಯ ಒಲೆಯ ಪಕ್ಕ ಎರಡು ಪಾತ್ರೆ ಇರುತ್ತಿದ್ದವು. ಒಂದರಲ್ಲಿ ಬಸಿದ ಕಟ್ಟು, ಇನ್ನೊಂದರಲ್ಲಿ ಬೆಂದ ಕಾಳು. ಕಟ್ಟಿಗೆ ಖಾರ ಅರೆದು ಹಾಕಿ, ಹುಣಸೆ ಹಿಂಡಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟರೆ ಘಮ ಬೀದಿಯ ತುದಿ ಮುಟ್ಟುತ್ತಿತ್ತು. ಮುದ್ದೆಯನ್ನು ಆ ಸಾರಿನಲ್ಲಿ ಅದ್ದಿ ನುಂಗಿ, ಇಂಥ ಬಲದ ಊಟ ಇನ್ನೊಂದಿಲ್ಲ ಎಂದುಕೊಂಡು ಏಳುತ್ತಿದ್ದೆವು. ಕಾಳಿನಲ್ಲಿ ಒಂದಿಷ್ಟು ಉಸಲಿಯಾಗುತ್ತಿತ್ತು. ಮಿಕ್ಕಿದ್ದು ಕೊಟ್ಟಿಗೆಗೆ, ಉಳುವ ಎತ್ತುಗಳಿಗೆ. ಹುರುಳಿಯ ಪ್ರೋಟೀನಿನ ಬಹುಪಾಲು ಉಳಿಯುವುದು ಕಾಳಿನಲ್ಲಿ, ಕಟ್ಟಿನಲ್ಲಲ್ಲ. ರುಚಿ ನಮ್ಮ ಪಾಲಿಗೆ ಬಂತು, ಬಲ ಎತ್ತಿನ ಪಾಲಿಗೆ ಹೋಯಿತು.

ಇದು ನೆನಪಾದದ್ದು ಅಕ್ಕನ ಮಗ ಹಬ್ಬಕ್ಕೆ ಬಂದಾಗ. ಇಪ್ಪತ್ತೆರಡರ ಹುಡುಗ, ಬೆಂಗಳೂರಿನ ಪಿ.ಜಿ.ಯೊಂದರಲ್ಲಿದ್ದಾನೆ, ಬೆಳಗ್ಗೆ ಐದೂವರೆಗೆ ಜಿಮ್ಮಿಗೆ ಹೋಗುತ್ತಾನೆ. ಬ್ಯಾಗಿನಿಂದ ಪ್ರೋಟೀನ್ ಪುಡಿಯ ಕಪ್ಪು ಡಬ್ಬಿಯೊಂದನ್ನು ತೆಗೆದಿಟ್ಟ. ಕೆಜಿಗೆ ಮೂರು ಸಾವಿರ ಕೊಟ್ಟಿದ್ದನಂತೆ. “ಇದಿಲ್ಲದೆ ಮೈ ಬರಲ್ಲ ಅಂತಾರೆ ಮಾವ, ನಿಜವಾ?” ಎಂದ. ಅಲ್ಲೇ ಕೂತಿದ್ದ ಅಮ್ಮ, “ನಮ್ಮ ಕಾಲದ ಪೈಲ್ವಾನರು ಯಾವ ಪುಡಿ ತಿಂದಿದ್ದರೋ?” ಎಂದು ಕೇಳಿದರು. ಆವತ್ತು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ಕೇಳಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದ ಮೇಲೆ ಹೇಳಬಲ್ಲೆ: ಮನೆಯ ಊಟದಿಂದಲೇ ಮೈ ಕಟ್ಟಬಹುದು, ಆದರೆ ಈಗ ಬಡಿಸುತ್ತಿರುವ ಹಾಗೆ ಬಡಿಸಿದರೆ ಆಗದು.

ಅಮ್ಮ ನೆನಪಿಸಿದ ಪೈಲ್ವಾನರಿಂದಲೇ ಶುರುಮಾಡೋಣ. ಮೈಸೂರಿನ ಗರಡಿಗಳ ಕೆಮ್ಮಣ್ಣಿನ ಮಟ್ಟಿಯಲ್ಲಿ ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ ಬೆಳೆದ ಮೈಗಳ ಬಗ್ಗೆ ನನಗೆ ಚಿಕ್ಕಂದಿನಿಂದ ಅಭಿಮಾನ. ದಸರಾ ಕುಸ್ತಿಗೆ, ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗಕ್ಕೆ ಸಜ್ಜಾಗುವವರ ಊಟವೆಂದರೆ ಅದಕ್ಕೊಂದು ಶಿಸ್ತು. ರಾತ್ರಿ ನೆನೆಹಾಕಿದ ಕಡಲೆಕಾಳನ್ನು ಸಾಮು ಮುಗಿದ ಮೇಲೆ ಅಗಿದು ತಿನ್ನುವುದು, ಚೊಂಬುಗಟ್ಟಲೆ ಹಾಲು, ತಿನ್ನುವ ಮನೆಗಳಲ್ಲಿ ಮಾಂಸದ ಸಾರು. ಬೆಳಗಾವಿಯ ಕಡೆ ಹೋದರೆ ಬಾದಾಮಿ, ಗಸಗಸೆ ಅರೆದ ಥಂಡಾಯಿ. ಸಾಮಿನ ಹೊತ್ತು ಹೇಗೆ ತಪ್ಪುವಂತಿರಲಿಲ್ಲವೋ ಉಣ್ಣುವ ಹೊತ್ತೂ ಹಾಗೇ. ವಸ್ತಾದರು ಕಲಿಸಿದ ಪಟ್ಟುಗಳಷ್ಟೇ ದೊಡ್ಡ ವಿದ್ಯೆ ಇದು. ಕಾಳು, ಹಾಲು, ಹೊತ್ತು ಈ ಮೂರೂ ಇವತ್ತಿನ ಪೋಷಣಾ ವಿಜ್ಞಾನದ ಮುಂದೆ ತಲೆಯೆತ್ತಿ ನಿಲ್ಲುತ್ತವೆ.

ಆದರೆ ಗರಡಿಯ ಊಟವನ್ನು ಸಾಮಾನ್ಯ ಊಟ ಎಂದು ಕರೆಯುವುದು ತಪ್ಪು. ಮನೆಯಲ್ಲಿ ಒಬ್ಬ ಮಟ್ಟಿಗಿಳಿದರೆ ಉಳಿದವರ ಲೋಟದ ಹಾಲು ಅವನ ಚೊಂಬಿಗೆ ಸೇರುತ್ತಿತ್ತು. ಅರಮನೆಯೋ ಊರಿನ ಯಜಮಾನರೋ ಖರ್ಚು ಹೊತ್ತ ಉದಾಹರಣೆಗಳೂ ಇವೆ. ಇನ್ನು ತುಪ್ಪದ ಮೇಲಿನ ನಂಬಿಕೆ. ತುಪ್ಪ ಬರೀ ಕೊಬ್ಬು, ಅದರಲ್ಲಿ ಪ್ರೋಟೀನೇ ಇಲ್ಲ. ದಿನಕ್ಕೆ ಸಾವಿರ ಬಸ್ಕಿ ಹೊಡೆಯುವವನಿಗೆ ಅದು ದುಡಿಯಲು ಬೇಕಾದ ಶಕ್ತಿ ಕೊಟ್ಟಿತು, ಸ್ನಾಯು ಕಟ್ಟಲಿಲ್ಲ. ಕುಸ್ತಿ ಬಿಟ್ಟ ಮೇಲೂ ಅದೇ ಊಟ ಮುಂದುವರಿಸಿ ಹೊಟ್ಟೆ ಬೆಳೆಸಿಕೊಂಡ, ಸಕ್ಕರೆ ಕಾಯಿಲೆಗೆ ಸಿಕ್ಕಿದ ಹಿರಿಯ ಪೈಲ್ವಾನರನ್ನು ನಾನೇ ಕಂಡಿದ್ದೇನೆ. ಬಾದಾಮಿಯದೂ ಇದೇ ಕಥೆ. ನಾವು ಬಡವರ ಬಾದಾಮಿ ಎನ್ನುವ ಕಡಲೆಕಾಯಿ ಬೀಜದಲ್ಲಿ ನೂರು ಗ್ರಾಂಗೆ 23 ಗ್ರಾಮಿಗಿಂತ ಹೆಚ್ಚು ಪ್ರೋಟೀನ್ ಇದೆ, ಬಾದಾಮಿಯಲ್ಲಿ ಅದಕ್ಕಿಂತ ತುಸು ಕಡಿಮೆಯೇ.

ರಾಗಿಯ ಬಗ್ಗೆಯೂ ಇದೇ ನಿಷ್ಠುರದಲ್ಲಿ ಹೇಳಬೇಕು, ಮುದ್ದೆ ಉಂಡೇ ಬೆಳೆದವನಾದರೂ. ಹಿಟ್ಟು ತಿಂದವನು ಬೆಟ್ಟ ಕಿತ್ತಿಡುತ್ತಾನೆ ಎಂದು ನಂಬಿದವರು ನಾವು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಯೊಂದಿಗಿನ ವಾದದಲ್ಲಿ ರಾಗಿಯೇ ಗೆಲ್ಲುತ್ತದೆ. ಸುಣ್ಣದ ಅಂಶದಲ್ಲಿ, ನಾರಿನಲ್ಲಿ ಇವತ್ತಿಗೂ ರಾಗಿಯದೇ ಗೆಲುವು. ಪ್ರೋಟೀನಿನ ತಕ್ಕಡಿಯಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಸಮ, ನೂರು ಗ್ರಾಂಗೆ ಏಳರಿಂದ ಎಂಟು ಗ್ರಾಂ. ಮುದ್ದೆ ದೊಡ್ಡದು ಮಾಡಿದರೆ ಹೊಟ್ಟೆ ತುಂಬುತ್ತದೆ, ಭುಜ ತುಂಬುವುದಿಲ್ಲ. ಅದರ ಪಕ್ಕದಲ್ಲಿ ಕಾಳು ಬೇಕು. ಧಾನ್ಯದಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಬೇಳೆಕಾಳಿನಲ್ಲಿ ಹೇರಳ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಮುದ್ದೆಗೆ ಅವರೆಕಾಳು, ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ, ಇಡ್ಲಿಗೆ ಉದ್ದು: ಈ ಜೋಡಿಗಳನ್ನು ಕಂಡುಕೊಂಡ ಹೆಂಗಸರಿಗೆ ಅಮೈನೋ ಆಮ್ಲದ ಹೆಸರು ಗೊತ್ತಿರಲಿಲ್ಲ, ಆದರೆ ಜೋಡಿ ತಪ್ಪಾಗಿರಲಿಲ್ಲ. ತಪ್ಪಿದ್ದು ಪ್ರಮಾಣ. ನಾಲ್ಕು ಜನರ ಸಾರಿಗೆ ನಮ್ಮ ಮನೆಯಲ್ಲಿ ಹಾಕುತ್ತಿದ್ದ ಬೇಳೆಯನ್ನು ತೂಗಿದೆ. ಎಂಬತ್ತು ಗ್ರಾಂ ಇತ್ತು. ತಲೆಗೆ ಇಪ್ಪತ್ತು ಗ್ರಾಂ ಬೇಳೆ ಎಂದರೆ ನಾಲ್ಕು ಗ್ರಾಂ ಚಿಲ್ಲರೆ ಪ್ರೋಟೀನ್. ಅದರಲ್ಲೂ ತಿಳಿ ಬಡಿಸಿಕೊಂಡವನಿಗೆ ಅದೂ ಇಲ್ಲ.

ಎಷ್ಟು ಬೇಕು ಎಂಬುದಕ್ಕೆ ಉತ್ತರ ಗೊಂದಲವಿಲ್ಲದೆ ಸಿಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಗೊತ್ತುಮಾಡಿದ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದೇಹದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ. ಇದು ಎಲ್ಲರಿಗೂ. ಭಾರ ಎತ್ತಿ ಮೈ ಬೆಳೆಸುವವರ ವಿಷಯದಲ್ಲಿ 49 ಅಧ್ಯಯನಗಳನ್ನು ಒಟ್ಟು ಸೇರಿಸಿ 2018ರಲ್ಲಿ ಬಂದ ವಿಶ್ಲೇಷಣೆಯೊಂದು ಹೆಚ್ಚು ಮಾನ್ಯ. ಕೆಜಿಗೆ 1.6 ಗ್ರಾಂವರೆಗೆ ಲಾಭವಿದೆ, ಅದರಾಚೆ ಸುರಿದರೂ ಸ್ನಾಯು ಹೆಚ್ಚುವುದಿಲ್ಲ ಎಂಬುದು ಅದರ ನಿರ್ಣಯ. ಅದೇ ವಿಶ್ಲೇಷಣೆಯ ಇನ್ನೊಂದು ಅಂಕಿಯನ್ನು ಡಬ್ಬಿ ಮಾರುವವರು ಹೇಳುವುದಿಲ್ಲ. ಹೆಚ್ಚುವರಿ ಪ್ರೋಟೀನ್ ತೆಗೆದುಕೊಂಡವರಿಗೆ, ಬರೀ ವ್ಯಾಯಾಮ ಮಾಡಿದವರಿಗಿಂತ ಸರಾಸರಿ ಹೆಚ್ಚಾಗಿ ಬಂದ ಕೊಬ್ಬಿಲ್ಲದ ತೂಕ ಸುಮಾರು 0.3 ಕೆಜಿ. ಮುನ್ನೂರು ಗ್ರಾಂ. ಬಾಕಿಯದನ್ನೆಲ್ಲ ಗಳಿಸಿಕೊಟ್ಟದ್ದು ಎತ್ತಿದ ಭಾರ, ವಾರವಾರಕ್ಕೂ ಅದನ್ನು ಹೆಚ್ಚಿಸಿದ ಹಟ, ದಿನದ ಮಾಮೂಲಿ ಊಟ.

ಹಾಗಾದರೆ ಅರವತ್ತು ಕೆಜಿಯ ಹುಡುಗನಿಗೆ ದಿನಕ್ಕೆ ತೊಂಬತ್ತು ಗ್ರಾಂ ಎಂದಿಟ್ಟುಕೊಳ್ಳೋಣ. ಅಕ್ಕನ ಮಗನ ಎದುರಿಗೇ ಬರೆದ ಲೆಕ್ಕ ಇದು. ಮೂರು ಮೊಟ್ಟೆಯಲ್ಲಿ ಇಪ್ಪತ್ತು ಗ್ರಾಂ. ಹಾಲು, ಮೊಸರು ಸೇರಿ ಅರ್ಧ ಲೀಟರ್, ಹದಿನಾರು ಗ್ರಾಂ. ಹುರಿದ ಕಡಲೆಕಾಯಿ ಬೀಜ ಐವತ್ತು ಗ್ರಾಂ, ಅಲ್ಲಿ ಹನ್ನೆರಡು. ಹೆಸರು, ಹುರುಳಿ, ಕಡಲೆ ಯಾವುದಾದರೂ ಸರಿ, ಬೇಯಿಸುವ ಮೊದಲಿನ ತೂಕದಲ್ಲಿ ದಿನಕ್ಕೆ ನೂರು ಗ್ರಾಂ ಕಾಳು, ಸುಮಾರು ಇಪ್ಪತ್ತೊಂದು. ಒಂದು ಮುದ್ದೆ, ಎರಡು ಹೊತ್ತಿನ ಅನ್ನ, ಅವುಗಳಿಂದ ಇನ್ನೊಂದು ಇಪ್ಪತ್ತೆರಡು. ಒಟ್ಟು ತೊಂಬತ್ತೊಂದು. ಮೊಟ್ಟೆ ಮುಟ್ಟದವರು ನಲವತ್ತು ಗ್ರಾಂ ಸೋಯಾ ಚಂಕ್ಸನ್ನೋ ನೂರು ಗ್ರಾಂ ಪನೀರನ್ನೋ ಆ ಜಾಗಕ್ಕೆ ತರಬಹುದು. ಮಾಂಸ, ಮೀನು ತಿನ್ನುವವರಿಗೆ ಈ ಲೆಕ್ಕ ಇನ್ನೂ ಸಲೀಸು.

ದುಡ್ಡಿನ ಲೆಕ್ಕವನ್ನೂ ಹಾಕಿದೆವು. ಅವನ ಡಬ್ಬಿಯಲ್ಲಿ ಮೂವತ್ತಮೂರು ಚಮಚ, ಚಮಚಕ್ಕೆ 24 ಗ್ರಾಂ ಎಂದು ಮೇಲೆ ಬರೆದಿತ್ತು. ಬರೆದದ್ದು ನಿಜವೆಂದೇ ಇಟ್ಟುಕೊಂಡರೂ ಒಂದು ಗ್ರಾಂ ಪ್ರೋಟೀನಿಗೆ ಮೂರೂಮುಕ್ಕಾಲು ರೂಪಾಯಿ ಬೀಳುತ್ತದೆ. ನಮ್ಮ ಬೀದಿಯ ಅಂಗಡಿಯ ದರದಲ್ಲಿ ಮೊಟ್ಟೆಯ ಒಂದು ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ, ಕಡಲೆಕಾಯಿ ಬೀಜದ್ದಕ್ಕೆ ಎಪ್ಪತ್ತು ಪೈಸೆ, ಹುರುಳಿಯದಕ್ಕೆ ಐವತ್ತು ಪೈಸೆಯೂ ಇಲ್ಲ.

ಬರೆದದ್ದು ನಿಜವೆಂದು ಇಟ್ಟುಕೊಳ್ಳುವುದೂ ಕಷ್ಟ. ಕೇರಳದ ವೈದ್ಯರೊಬ್ಬರ ನೇತೃತ್ವದ ತಂಡ ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಅವುಗಳಲ್ಲಿ ಶೇ. 70ರಷ್ಟು ಉತ್ಪನ್ನಗಳ ಪ್ರೋಟೀನಿನ ಅಂಕಿ ಡಬ್ಬಿಯ ಮೇಲಿನದಕ್ಕೆ ಹೊಂದಲಿಲ್ಲ, ಕೆಲವಂತೂ ಹೇಳಿದ್ದರ ಅರ್ಧದಷ್ಟನ್ನೇ ಕೊಟ್ಟವು. ಶೇ. 14ರಷ್ಟರಲ್ಲಿ ಅಫ್ಲಟಾಕ್ಸಿನ್ ಎಂಬ ಶಿಲೀಂಧ್ರ ವಿಷ, ಶೇ. 8ರಷ್ಟರಲ್ಲಿ ಕೀಟನಾಶಕದ ಅಂಶ ಸಿಕ್ಕಿತು. ಮೋಸಕ್ಕೆ ಇನ್ನೊಂದು ಸುಲಭದ ದಾರಿಯೂ ಇದೆ. ಪ್ರೋಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ, ಅದರಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಗ್ಲೈಸಿನ್‌ನಂಥ ಅಗ್ಗದ ಅಮೈನೋ ಆಮ್ಲ ಬೆರೆಸಿದರೆ ಸಾರಜನಕ ಏರುತ್ತದೆ, ಅಂಕಿಯೂ ಏರುತ್ತದೆ, ಸ್ನಾಯುವಿಗೆ ಸೇರುವುದು ಮಾತ್ರ ಏರುವುದಿಲ್ಲ. ಬಟ್ಟಲಲ್ಲಿ ನೆನೆದ ಕಡಲೆಯೊಂದಿಗೆ ಈ ಆಟ ಆಡಲಾಗದು, ಕಣ್ಣಿಗೆ ಕಂಡದ್ದೇ ಅಲ್ಲಿರುವುದು.

ಊಟಕ್ಕೆ ಇನ್ನೊಂದು ಬಲವಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಭಾರ ಎತ್ತಿದ ಯುವಕರಿಗೆ ಒಮ್ಮೆ ಇಡೀ ಮೊಟ್ಟೆ, ಇನ್ನೊಮ್ಮೆ ಬರೀ ಬಿಳಿಯ ಭಾಗ ಕೊಟ್ಟರು, ಎರಡರಲ್ಲೂ ಪ್ರೋಟೀನ್ 18 ಗ್ರಾಂ. ಹಳದಿ ಸಮೇತ ತಿಂದಾಗ ಸ್ನಾಯು ಕಟ್ಟುವ ಕ್ರಿಯೆ ಹೆಚ್ಚು ಚುರುಕಾಗಿತ್ತು. ಹಳದಿಯನ್ನು ಎಸೆದು ಆರಾರು ಬಿಳಿ ನುಂಗುವ ನಮ್ಮ ಜಿಮ್ಮಿನ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಪುಡಿಯ ಪರವಾಗಿರುವ ಮಾತನ್ನೂ ಮುಚ್ಚಿಡಬಾರದು. ವೇ ಪ್ರೋಟೀನ್ ಎಂಬುದು ಮಾಟವಲ್ಲ, ಮದ್ದೂ ಅಲ್ಲ. ಚೀಸ್ ಮಾಡುವಾಗ ಉಳಿಯುವ ತಿಳಿನೀರನ್ನು ಸೋಸಿ ಒಣಗಿಸಿದ್ದು. ಹಾಲಿನ ಪ್ರೋಟೀನಿನ ಐದರಲ್ಲಿ ಒಂದು ಪಾಲು ಆ ನೀರಿನಲ್ಲಿದೆ. ಜೀರ್ಣವಾಗುವುದರಲ್ಲಿ, ಸ್ನಾಯು ಕಟ್ಟಲು ಚಾಲನೆ ಕೊಡುವ ಲ್ಯೂಸಿನ್ ಅಂಶದಲ್ಲಿ ಅದು ನಮ್ಮ ಯಾವ ಕಾಳಿಗಿಂತಲೂ ಮೇಲು. ಕಾಳಿನ ಪ್ರೋಟೀನ್ ಅಷ್ಟು ಪೂರ್ತಿಯಾಗಿ ದಕ್ಕುವುದಿಲ್ಲ. ನೆನೆಸಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿದರೆ ದಕ್ಕುವುದು ಹೆಚ್ಚುತ್ತದೆ. ಬ್ರೆಜಿಲ್‌ನಲ್ಲಿ ಹಾಲು, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ ಯುವಕರನ್ನೂ ಮಾಂಸಾಹಾರಿಗಳನ್ನೂ ಹನ್ನೆರಡು ವಾರ ಭಾರ ಎತ್ತಿಸಿ ಹೋಲಿಸಿದಾಗ ಸ್ನಾಯುವಿನ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಸ್ಯಾಹಾರದ ಪರ ವಾದಿಸುವವರು ಇದನ್ನು ಸಂತೋಷದಿಂದ ಎತ್ತಿ ಆಡುತ್ತಾರೆ. ಆದರೆ ಕೆಜಿಗೆ 1.6 ಗ್ರಾಂ ಮುಟ್ಟಿಸಲು ಅಲ್ಲಿ ಒಂದು ಗುಂಪಿಗೆ ಸೋಯಾ ಪುಡಿ, ಇನ್ನೊಂದಕ್ಕೆ ವೇ ಪುಡಿ ಕೊಟ್ಟಿದ್ದರು. ಪ್ರಮಾಣ ಮುಟ್ಟಿದರೆ ಮೂಲ ಯಾವುದಾದರೂ ನಡೆಯುತ್ತದೆ ಎಂಬಷ್ಟನ್ನು ಮಾತ್ರ ಅದರಿಂದ ತೆಗೆದುಕೊಳ್ಳಬಹುದು.

ಪುಡಿ ಎಂದ ಮಾತ್ರಕ್ಕೆ ಅದು ಪರಕೀಯವೂ ಅಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಮೊದಲ ವರ್ಷಗಳಲ್ಲಿ ಮಾಡಿದ ದೊಡ್ಡ ಕೆಲಸಗಳಲ್ಲೊಂದು ‘ಮಲ್ಟಿಪರ್ಪಸ್ ಫುಡ್’. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ, ಜೀವಸತ್ವ, ಸುಣ್ಣದ ಅಂಶ ಸೇರಿಸಿದ ಪುಡಿ ಅದು. ಬಡ ಮಕ್ಕಳ ತಟ್ಟೆಯಲ್ಲಿ ಪ್ರೋಟೀನ್ ಇಲ್ಲವೆಂದು ಕಂಡುಕೊಂಡು ನಮ್ಮ ವಿಜ್ಞಾನಿಗಳು ನಮ್ಮ ಹೊಲದ ಬೆಳೆಯಿಂದಲೇ ಅದನ್ನು ಮಾಡಿದರು. ಯಾರಿಗೆ ಕೊರತೆಯಿದೆಯೋ ಅವರಿಗೆ ಮುಟ್ಟಿಸುವ ಉದ್ದೇಶ ಅದರದ್ದು. ಇವತ್ತಿನ ಡಬ್ಬಿ ಕೊಳ್ಳುವವರಲ್ಲಿ ಹೆಚ್ಚಿನವರು ಮೊಟ್ಟೆ, ಹಾಲು ಕೊಳ್ಳಲು ಶಕ್ತಿಯಿರುವವರು. ಹಳೆಯ ಪುಡಿಯ ಮೇಲಿನ ಗೌರವ ಹೊಸದರ ಮೇಲೆ ನನಗೆ ಹುಟ್ಟದಿರುವುದು ಇದಕ್ಕೇ.

ಪಿ.ಜಿ.ಯ ಹುಡುಗರ ಕಷ್ಟ ನಿಜವಾದ ಕಷ್ಟ. ಅಲ್ಲಿ ಸಾಂಬಾರಿನಲ್ಲಿ ಬೇಳೆ ಹುಡುಕಬೇಕು, ಎಷ್ಟೋ ಕಡೆ ಒಲೆ ಹಚ್ಚುವಂತಿಲ್ಲ. ಅಂಥವನಿಗೆ ಹುರಿಗಡಲೆ, ಕಡಲೆಕಾಯಿ ಬೀಜ, ಮೊಸರು, ಬೇಯಿಸಿದ ಮೊಟ್ಟೆ ಒಲೆಯಿಲ್ಲದೆಯೂ ಸಿಗುತ್ತವೆ. ಇಷ್ಟಾದ ಮೇಲೂ ಪ್ರಮಾಣ ಮುಟ್ಟದಿದ್ದರೆ, ಪರೀಕ್ಷೆಗೆ ಒಳಪಟ್ಟ ಪುಡಿಯನ್ನು ದಿನಕ್ಕೊಂದು ಚಮಚ ತೆಗೆದುಕೊಂಡರೆ ಅದನ್ನು ಪಾಪವೆಂದು ನಾನು ಹೇಳಲಾರೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಇಂಥ ಪುಡಿಗಳ ಮೊರೆ ಹೋಗಬೇಡಿ ಎಂದಿದೆ, ಮೂತ್ರಪಿಂಡಕ್ಕೆ ಆಗಬಹುದಾದ ಹಾನಿಯ ಬಗ್ಗೆಯೂ ಎಚ್ಚರಿಸಿದೆ. ಆರೋಗ್ಯವಂತರ ಮಟ್ಟಿಗೆ ಆ ಭಯಕ್ಕೆ ಇರುವ ಪುರಾವೆ ಗಟ್ಟಿಯಾದದ್ದಲ್ಲ ಎಂಬುದು ನನ್ನ ಓದು. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಸಕ್ಕರೆ ಕಾಯಿಲೆಯವರು ಡಬ್ಬಿಯೇ ಆಗಲಿ ಮೊಟ್ಟೆಯೇ ಆಗಲಿ, ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಅಕ್ಕನ ಮಗ ಡಬ್ಬಿ ಮುಗಿಸಿದ, ಹೊಸದು ತರಲಿಲ್ಲ. ಊಟದ ಲೆಕ್ಕ ಇಟ್ಟುಕೊಂಡು ಐದು ತಿಂಗಳಾಯಿತು. ಎತ್ತುವ ಭಾರ ಏರುತ್ತಲೇ ಇದೆ. ಮೊದಲೆರಡು ವಾರ ಹೊಟ್ಟೆಯುಬ್ಬರ ಕಾಡಿತು. ಕಾಳನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ನೆನೆಸಿದ ನೀರು ಚೆಲ್ಲಿ ಬೇಯಿಸಿದ ಮೇಲೆ ಕಡಿಮೆಯಾಯಿತು. ನಮ್ಮ ಮನೆಯಲ್ಲೂ ಬೇಳೆಯ ಅಳತೆ ಎಂಬತ್ತರಿಂದ ನೂರಾ ಎಂಬತ್ತಕ್ಕೆ ಬಂದಿದೆ, ಸಾರು ಗಟ್ಟಿಯಾಯಿತೆಂದು ಅಮ್ಮ ಗೊಣಗುತ್ತಾರೆ, ಉಣ್ಣುತ್ತಾರೆ. ಎಪ್ಪತ್ತೆಂಟರ ವಯಸ್ಸಿನಲ್ಲಿ ಸ್ನಾಯು ಸವೆಯದಂತೆ ನೋಡಿಕೊಳ್ಳಬೇಕಾದ ಅಗತ್ಯ ಹುಡುಗನಿಗಿಂತ ಅವರಿಗೇ ಹೆಚ್ಚು.

ಡಬ್ಬಿ ಕೊಳ್ಳುವ ಮೊದಲು ನಿಮ್ಮ ಮನೆಯ ಬೇಳೆಯನ್ನು ಒಂದು ವಾರ ತೂಗಿ ನೋಡಿ. ಬಡಿಸುವಾಗ ಸೌಟನ್ನು ಪಾತ್ರೆಯ ತಳದವರೆಗೆ ಇಳಿಸಿ.