ಬರಹವೂ ಉಚ್ಚಾರವೂ: ದೆರಿದಾ ಅವರ ಒಂದು ಗ್ರಂಥ

ವಿಶ್ವವಿದ್ಯಾನಿಲಯಗಳಲ್ಲಿ ಉನ್ನತ ವ್ಯಾಸಂಗ ಮಾಡುವ ನಮ್ಮ ತರುಣರ ನಿಬಂಧಗಳಲ್ಲಿ ಫ್ರೆಂಚ್ ತತ್ತ್ವಜ್ಞ ಜಾಕ್ ದೆರಿದಾ ಅವರ ಹೆಸರು ಮೇಲಿಂದ ಮೇಲೆ ಕಾಣಬರುವುದು. ಹೆಸರಿನೊಡನೆ ಗ್ರಂಥದ ಪರಿಚಯವೂ ಬಂದಿರುವುದೇ ಎಂಬ ಸಂದೇಹದಿಂದ, ಅವರು ೧೯೬೭ರಲ್ಲಿ ಲಿಪಿವಿಚಾರವಾಗಿ ಪ್ರಕಟಿಸಿದ ‘ದ ಲಾ ಗ್ರಾಮತೊಲೊಜಿ’ ಎಂಬ ಗ್ರಂಥವನ್ನು, ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಅವರ ೧೯೭೬ರ ಇಂಗ್ಲಿಷ್ ಭಾಷಾಂತರದ ಮೂಲಕ ಓದಿದೆನು. ಇದು ಫ್ರೆಂಚ್ ಅರಿಯದವನ ಮಾತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಗ್ರಂಥಕಾರರ ವಿದ್ಯಾಜೀವನವೇ ಒಂದು ಪಾಠವಾಗಿರುವುದು. ೧೯೩೦ರಲ್ಲಿ ಅಲ್ಜೀರಿಯಾದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದ ಇವರನ್ನು ೧೯೪೨ರಲ್ಲಿ ಜನಾಂಗಭೇದದ ಕಾನೂನಿನಂತೆ ಶಾಲೆಯಿಂದ ಹೊರಹಾಕಲಾಯಿತು. ಪ್ಯಾರಿಸ್ಸಿನ ಎಕೋಲ್ ನೊರ್ಮಾಲ್ ವಿದ್ಯಾಲಯದ ಪ್ರವೇಶಪರೀಕ್ಷೆಯಲ್ಲಿ ಮೊದಲು ಸೋತು, ೧೯೫೨ರಲ್ಲಿ ಸೇರಿದರು. ಅಧ್ಯಾಪಕರಾಗುವವರಿಗೆ ನಡೆಯುವ ‘ಅಗ್ರೆಗಾಸಿಯೋಂ’ ಪರೀಕ್ಷೆಯಲ್ಲಿ ೧೯೫೫ರಲ್ಲಿ ಅನುತ್ತೀರ್ಣರಾಗಿ ಮರುವರ್ಷ ಉತ್ತೀರ್ಣರಾದರು. ೧೯೬೪ರಿಂದ ೧೯೮೪ರವರೆಗೆ ಆ ವಿದ್ಯಾಲಯದಲ್ಲಿಯೇ ಪಾಠ ಹೇಳಿ, ಅದೇ ಪರೀಕ್ಷೆಗೆ ಶಿಷ್ಯರನ್ನು ಸಿದ್ಧಗೊಳಿಸಿದರು. ೧೯೫೭ರಲ್ಲಿ ನೋಂದಾಯಿಸಿದ್ದ ಪ್ರಬಂಧ ಮುಗಿಯಲಿಲ್ಲ. ಪ್ರಕಟಿತ ಗ್ರಂಥಗಳ ಆಧಾರದ ಮೇಲೆ ಡಾಕ್ಟರ್ ಪದವಿ ದೊರೆತದ್ದು ೧೯೮೦ರಲ್ಲಿ, ಐವತ್ತರ ಹೊಸ್ತಿಲಲ್ಲಿ. ಪಾಂಡಿತ್ಯವು ಮುಂದೆ ನಡೆಯಿತು. ಪದವಿಯು ಅದನ್ನು ಹಿಂಬಾಲಿಸಿತು.

ಇನ್ನು ಗ್ರಂಥ. ಬರಹವು ಮಾತಿನ ಕೇವಲ ಪೂರಕವೆಂದು ರೂಸೋ ಪಂಡಿತನ ಮತ. ದೆರಿದಾ ಆ ‘ಪೂರಕ’ ಶಬ್ದವನ್ನೇ ಹಿಡಿದು ಕೇಳುವರು: ಮಾತು ಪೂರ್ಣವಾಗಿದ್ದರೆ ಪೂರಕವೇಕೆ? ಪಾಣಿನಿಯ ಸೂತ್ರಗಳಿಗೆ ಕಾತ್ಯಾಯನನು ವಾರ್ತಿಕಗಳನ್ನು ಸೇರಿಸಿದುದನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಾಗಿ ತೋರದು. ಹೊರಗಿನಿಂದ ಬಂದದ್ದು ಒಳಗಿನ ಕೊರತೆಯನ್ನು ಸೂಚಿಸುವುದು. ಒಂದು ಶಬ್ದವನ್ನು ಇಷ್ಟು ಶ್ರದ್ಧೆಯಿಂದ ಬೆನ್ನಟ್ಟುವ ಇವರು ನಿಜವಾದ ವ್ಯಾಖ್ಯಾನಕಾರರು. ಶೈಲಿ ಮಾತ್ರ ಅನೇಕ ಕಡೆ ಅನವಶ್ಯಕವಾಗಿ ಕ್ಲಿಷ್ಟ.

ಆದರೆ ಒಂದು ಆಕ್ಷೇಪವುಂಟು. ಬರಹಕ್ಕಿಂತ ಉಚ್ಚಾರವೇ ಮೇಲೆಂಬ ಭಾವನೆಯನ್ನು ಅವರು ಪ್ರಧಾನವಾಗಿ ಪಾಶ್ಚಾತ್ಯ ಪರಂಪರೆಯಲ್ಲಿಯೇ ವಿಚಾರಿಸಿರುವರು. ನಮ್ಮ ಪಾಣಿನೀಯ ಶಿಕ್ಷೆಯಾದರೋ ಬರೆದುದನ್ನು ನೋಡಿ ಪಠಿಸುವವನನ್ನು ಆರು ವಿಧದ ಅಧಮ ಪಾಠಕರಲ್ಲಿ ಎಣಿಸುವುದು. ಇಲ್ಲಿ ಉಚ್ಚಾರದ ಹಿರಿಮೆಗೆ ಕಾರಣ, ಸ್ವರ ತಪ್ಪಿದರೆ ಅರ್ಥವೇ ಕೆಡುವುದೆಂಬ ಭಯ. ಗುರುಮುಖದಿಂದಲ್ಲದೆ ಸ್ವರವು ಸಿದ್ಧಿಸದೆಂಬ ಅನುಭವ. ಮಾತು ಮನಸ್ಸಿಗೆ ಸಮೀಪವೆಂಬ ಗ್ರೀಕರ ವಾದವೂ ಇದೂ ಒಂದೇ ಅಲ್ಲ. ಫಲವು ಒಂದೇ ಆದರೂ ಹೇತುಗಳು ಬೇರೆಯಾದಲ್ಲಿ, ಅಲ್ಲಿಯ ಸಿದ್ಧಾಂತವನ್ನು ಇಲ್ಲಿಗೆ ಹಾಗೆಯೇ ಹೊಂದಿಸಲಾಗದು.

ಈ ಪರೀಕ್ಷೆಯನ್ನು ಮಾಡಬೇಕಾದವರು ನಮ್ಮ ತರುಣರು. ದೆರಿದಾ ಅವರು ಪ್ಲೇಟೋ, ರೂಸೋ, ಸೊಸ್ಯೂರ್ ಇವರ ಮೂಲಗಳನ್ನು ಪಂಕ್ತಿಪಂಕ್ತಿಯಾಗಿ ಓದಿದ ಬಳಿಕ ಪರಿಭಾಷೆಯನ್ನು ಕಟ್ಟಿದರು. ಪರಿಭಾಷೆಯನ್ನು ಕಂಠಪಾಠ ಮಾಡಿ ಮೂಲಗಳನ್ನು ಬಿಡುವವನು ಅವರ ಶಿಷ್ಯನಾಗಲಾರನು. ಶಿಕ್ಷೆಯನ್ನೂ ಈ ಗ್ರಂಥವನ್ನೂ ಒಂದೇ ಮೇಜಿನ ಮೇಲಿಟ್ಟು ಓದುವ ವಿದ್ಯಾರ್ಥಿಯೊಬ್ಬನು ಹೊರಟರೆ, ಅವನ ಪ್ರಬಂಧ ತಡವಾದರೂ ಚಿಂತೆಯಿಲ್ಲ.