ದರೋಡೆಕೋರ ಅಂತ ಕರೆದವರು ಯಾರು?

ಲ್ಯಾಟಿನ್ ಭಾಷೆಯಲ್ಲಿ 'ಲ್ಯಾಟ್ರೋಸಿನಿಯಂ' ಅಂತ ಒಂದು ಪದವಿದೆ. ದರೋಡೆ, ಡಕಾಯಿತಿ ಅಂತ ನಿಘಂಟು ಅರ್ಥ ಕೊಡುತ್ತದೆ. ಆದರೆ ಕ್ರಿಸ್ತಪೂರ್ವ 200ರ ಸುಮಾರಿನ ನಾಟಕಕಾರ ಪ್ಲಾಟಸ್‌ನಲ್ಲಿ 'ಲ್ಯಾಟ್ರೋ' ಅಂದರೆ ಕಳ್ಳನಲ್ಲ, ಕೂಲಿಗೆ ಕಾದಾಡುವ ಸಿಪಾಯಿ. ಲ್ಯಾಟ್ರೋಸಿನಿಯಂ ಅಂದರೆ ಅವನ ಕಸುಬು. ರಾಜನ ಕೂಲಿ ತಿಂದು ಕೊಂದರೆ ಸಿಪಾಯಿ, ಕೂಲಿ ಬಿಟ್ಟು ಕೊಂದರೆ ಡಕಾಯಿತ!

ಆಮೇಲೆ ಕಾನೂನು ಬಂತು. ರೋಮಿನ ಮೇಲೆ ಯುದ್ಧ ಸಾರಿದವರು, ರೋಮು ಯಾರ ಮೇಲೆ ಯುದ್ಧ ಸಾರಿತೋ ಅವರು, ಇಷ್ಟೇ ಜನ ಶತ್ರುಗಳು. ಮಿಕ್ಕವರೆಲ್ಲ ದರೋಡೆಕೋರರು ಅಂತ ಪಾಂಪೋನಿಯಸ್ ಎಂಬ ಕಾನೂನು ಪಂಡಿತ ಬರೆದಿಟ್ಟ. ಕದ್ದನೋ ಇಲ್ಲವೋ ಅನ್ನೋ ಮಾತೇ ಇಲ್ಲಿಲ್ಲ. ಗುಲಾಮ ಯಾರ ಹೆಸರಲ್ಲಿ ಯುದ್ಧ ಸಾರಬೇಕು? ಅವನಿಗೆ ರಾಜ್ಯವೆಲ್ಲಿದೆ?

ಕ್ರಿಸ್ತಪೂರ್ವ 73ರಲ್ಲಿ ಗುಲಾಮರನ್ನು ಕಟ್ಟಿಕೊಂಡು ದಂಗೆಯೆದ್ದ ಸ್ಪಾರ್ಟಕಸ್‌ನನ್ನು ಚರಿತ್ರಕಾರ ಫ್ಲೋರಸ್ 'ಲ್ಯಾಟ್ರೋ' ಎಂದೇ ಕರೆದ. 71ರಲ್ಲಿ ಸೆರೆಸಿಕ್ಕ 6,000 ಜನರನ್ನು ಕಾಪುವಾದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಶಿಲುಬೆಗೇರಿಸಿದ ಕ್ರಾಸಸ್‌ನನ್ನು ಯಾವ ಕಾನೂನೂ ಹಾಗೆ ಕರೆಯಲಿಲ್ಲ.

ಐದನೇ ಶತಮಾನದಲ್ಲಿ ಸಂತ ಅಗಸ್ಟೀನ್ ಈ ಪದವನ್ನು ಸಿಂಹಾಸನದತ್ತ ತಿರುಗಿಸಿದ. ನ್ಯಾಯವಿಲ್ಲದ ರಾಜ್ಯವೇ ದೊಡ್ಡ ಲ್ಯಾಟ್ರೋಸಿನಿಯಂ ಎಂದ. ಭೇಷ್ ಅನ್ನೋಣ. ಹಾಗಂತ ಅವನನ್ನು ನಮ್ಮವನೆಂದು ಹೊತ್ತು ಮೆರೆಸಲು ನಾವು ಸಿದ್ಧರಿಲ್ಲ. ಅದೇ 'ದೇವನಗರಿ' ಗ್ರಂಥದ ಹತ್ತೊಂಬತ್ತನೇ ಭಾಗ ತೆರೆದು ನೋಡಿ: ಗುಲಾಮಗಿರಿ ಪಾಪದ ಫಲವಂತೆ, ಗುಲಾಮ ಒಳ್ಳೆ ಮನಸ್ಸಿನಿಂದ ಧಣಿಯ ಸೇವೆ ಮಾಡ್ಕೊಂಡು ಇರಬೇಕಂತೆ. ರಾಜನ ದರೋಡೆ ಕಂಡ ಕಣ್ಣಿಗೆ ಧಣಿಯ ದರೋಡೆ ಕಾಣಲಿಲ್ಲ.